ಒಂದು ಕ್ವಾರ್ಟರ್ ನಾಣ್ಯ, ಒಂದು ನಡವಳಿ ಪುಸ್ತಕ

ನನ್ನ ಮಗಳ ಸ್ಕೂಲಲ್ಲಿ ಮಾರ್ಚ್ ಬಂತು ಅಂದ್ರೆ ಗೋಡೆ ತುಂಬಾ ಹೆಂಗಸರ ಚಿತ್ರಗಳು. ಬಾಹ್ಯಾಕಾಶಕ್ಕೆ ಹೋದ ಸ್ಯಾಲಿ ರೈಡ್, ವಿಮಾನ ಹಾರಿಸಿದ ಬೆಸ್ಸಿ ಕೋಲ್ಮನ್, ಖಗೋಳ ವಿಜ್ಞಾನಿ ವೆರಾ ರೂಬಿನ್, ಟೆನಿಸ್ ಆಡಿದ ಆಲ್ಥಿಯಾ ಗಿಬ್ಸನ್. ಒಂದೊಂದು ಮಗು ಒಬ್ಬೊಬ್ಬರನ್ನ ಆರಿಸ್ಕೊಂಡು ಬರೀಬೇಕು. ಈ ಸಲ ಟೀಚರ್ ಇನ್ನೊಂದು ಕೆಲಸ ಸೇರಿಸಿದ್ರು, ನಿಮ್ಮ ಮನೆಯ ಒಬ್ಬ ಹೆಂಗಸಿನ ಬಗ್ಗೆನೂ ಬರೀರಿ, ಅವರು ಏನು ಮಾಡಿದ್ರು ಅಂತ ಅವರ ಬಾಯಿಂದಲೇ ಕೇಳಿ ಬರೀರಿ, ಎರಡನ್ನೂ ಅಕ್ಕಪಕ್ಕ ಅಂಟಿಸಿ ಅಂತ. ಈ ಎರಡನೇ ಕೆಲಸದಿಂದಾನೇ ನಾನು ಇದನ್ನೆಲ್ಲ ಬರೀತಿರೋದು.

ನಾವಿರೋದು ಕ್ಯಾಲಿಫೋರ್ನಿಯಾದಲ್ಲಿ. ಹೆಂಗಸರ ಚರಿತ್ರೆಗೆ ಅಂತ ದಿನ ಎತ್ತಿಡೋ ಪದ್ಧತಿ ಈ ದೇಶದಲ್ಲಿ ಬೆಳೆದಿದ್ದೂ ಇದೇ ರಾಜ್ಯದಿಂದ, ಸೊನೋಮಾ ಕೌಂಟಿ ಅನ್ನೋ ಕಡೆಯಿಂದ. 1978ರಲ್ಲಿ ಅಲ್ಲಿನ ಮಹಿಳಾ ಆಯೋಗದವರು ಸ್ಕೂಲ್ ಪಾಠದಲ್ಲಿ ಹೆಂಗಸರ ಸುದ್ದಿನೇ ಇಲ್ವಲ್ಲ ಅಂತ ಮಾರ್ಚ್ 8 ಬರೋ ಹಾಗೆ ಒಂದು ವಾರ ಆಚರಿಸಿದ್ರು, ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಇಟ್ರು, ಸಾಂಟಾ ರೋಸಾ ಊರಲ್ಲಿ ಮೆರವಣಿಗೆ ಮಾಡಿದ್ರು. 1980ರಲ್ಲಿ ಅಧ್ಯಕ್ಷ ಕಾರ್ಟರ್ ಅದನ್ನ ಇಡೀ ದೇಶದ ವಾರ ಅಂತ ಘೋಷಿಸಿದ್ರು, 1987ರಲ್ಲಿ ಇಲ್ಲಿನ ಸಂಸತ್ತು ಮಾರ್ಚ್ ತಿಂಗಳನ್ನ ಪೂರ್ತಿ ಬಿಟ್ಟುಕೊಡ್ತು. ಒಂದು ಜಿಲ್ಲೆಯ ಟೀಚರುಗಳೂ ಹೆಂಗಸರೂ ಶುರು ಮಾಡಿದ್ದು ಒಂಬತ್ತೇ ವರ್ಷಕ್ಕೆ ದೇಶದ ಕ್ಯಾಲೆಂಡರಿಗೆ ಬಂತು. 1987, ಈ ಇಸವಿ ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ.

ಮಗಳು ಗೋಡೆಗೆ ಆರಿಸ್ಕೊಂಡಿದ್ದು ವಿಲ್ಮಾ ಮ್ಯಾನ್‌ಕಿಲ್ಲರ್ ಅವರನ್ನ. ಕಾರಣ ಒಂದು ಕ್ವಾರ್ಟರ್, ಅಂದ್ರೆ 25 ಸೆಂಟಿನ ನಾಣ್ಯ. 2022ರಿಂದ 2025ರವರೆಗೆ ವರ್ಷಕ್ಕೆ ಐದು ಅಂತ ಒಟ್ಟು 20 ಹೆಂಗಸರನ್ನ ಇಲ್ಲಿನ ಟಂಕಸಾಲೆ ಕ್ವಾರ್ಟರ್ ಮೇಲೆ ಅಚ್ಚು ಹಾಕಿದೆ. ಬಟ್ಟೆ ಒಗೆಯೋ ಮೆಷಿನ್ನಿಗೆ ಹಾಕೋಕೆ ಚಿಲ್ಲರೆ ಎಣಿಸ್ತಾ ಕೂತಾಗ ಅವಳ ಕೈಗೆ ಇದು ಸಿಕ್ತು. ಶಾಲು ಹೊದ್ದ ಒಬ್ಬ ಹೆಂಗಸು, ಗಾಳಿಗೆ ಬೆನ್ನು ಕೊಟ್ಟು ದೂರ ನೋಡ್ತಿದಾರೆ, ಪಕ್ಕದಲ್ಲಿ ಏಳು ಮೂಲೆಯ ನಕ್ಷತ್ರ, ಕೆಳಗೆ ಇಂಗ್ಲಿಷಲ್ಲದ ಒಂದು ಲಿಪಿ. ಅಪ್ಪಾ ಇದೇನು ಬರ್ದಿರೋದು ಅಂತ ಕೇಳಿದ್ಲು, ನಂಗೂ ಗೊತ್ತಿರ್ಲಿಲ್ಲ, ಹುಡುಕಿ ನೋಡಿದ್ರೆ ಅದು ಚೆರೋಕಿ ಲಿಪಿ, ಚೆರೋಕಿ ಅಂದ್ರೆ ಅಮೆರಿಕದ ಒಂದು ಮೂಲನಿವಾಸಿ ಜನಾಂಗ, ವಿಲ್ಮಾ ಅವರ ಮುಖ್ಯಸ್ಥೆಯಾಗಿದ್ದೋರು, ಚೆರೋಕಿ ನೇಷನ್ ಅಂತ ಅವರದೇ ಅಕ್ಷರದಲ್ಲಿ ಬರ್ದಿದಾರೆ. ತನ್ನ ಭಾಷೆಯ ಅಕ್ಷರ ದೇಶದ ದುಡ್ಡಿನ ಮೇಲೆ ಇನ್ನೊಬ್ಬರ ಜೇಬಲ್ಲಿ ಓಡಾಡೋದು ಎಷ್ಟು ದೊಡ್ಡ ವಿಷಯ ಅಂತ ಹೊರನಾಡಲ್ಲಿ ಬದುಕೋ ಕನ್ನಡದವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಅದೇ ನಾಣ್ಯದ ಇನ್ನೊಂದು ಮುಖದ ಕತೆನೂ ಚೆನ್ನಾಗಿದೆ. ಅಲ್ಲಿರೋದು ಜಾರ್ಜ್ ವಾಷಿಂಗ್ಟನ್ ಮುಖ, ಆದ್ರೆ ಅದನ್ನ ಕೆತ್ತಿದ್ದು ಲಾರಾ ಗಾರ್ಡಿನ್ ಫ್ರೇಸರ್ ಅನ್ನೋ ಶಿಲ್ಪಿ. 1932ರ ನಾಣ್ಯಕ್ಕೆ ಅಂತ ಅವರು ಮಾಡಿಕೊಟ್ಟಿದ್ದನ್ನ ಬಿಟ್ಟು ಆಗಿನ ಖಜಾನೆ ಮಂತ್ರಿ ಇನ್ನೊಬ್ಬ ಗಂಡಸಿನ ಕೆಲಸ ಆರಿಸಿದ್ರು. ತೊಂಬತ್ತು ವರ್ಷ ಆದ್ಮೇಲೆ ಈ ಸರಣಿಗೆ ಅವರು ಕೆತ್ತಿದ ಮುಖನೇ ತಂದು ಹಾಕಿದ್ರು. ಆ ಶಿಲ್ಪಿ ಆಗ ಬದುಕಿರ್ಲಿಲ್ಲ, ಆದ್ರೂ ಸರಿ, ಕೆಲಸ ಯಾರದು ಅಂತ ಊರಿಗೆ ಗೊತ್ತಾಯ್ತು.

ಇಲ್ಲಿ ಎಲ್ಲಾ ಸರಿಯಿದೆ ಅಂತ ಹೇಳ್ತಿಲ್ಲ. 1920ರಲ್ಲಿ ಹೆಂಗಸರಿಗೆ ಓಟು ಬಂತು ಅಂತ ಮಕ್ಕಳಿಗೆ ಹೇಳ್ಕೊಡ್ತಾರೆ, ಆದ್ರೆ ದಕ್ಷಿಣದ ರಾಜ್ಯಗಳ ಕಪ್ಪು ಹೆಂಗಸರು ನಿಜವಾಗಿ ಬೂತಿಗೆ ಹೋಗಿ ಓಟು ಹಾಕೋ ಹಾಗಾಗಿದ್ದು 1965ರ ಕಾಯ್ದೆ ಆದ್ಮೇಲೆ, ಇದನ್ನ ಎಷ್ಟೋ ಕಡೆ ಒಂದು ಸಾಲಲ್ಲಿ ಮುಗಿಸ್ತಾರೆ. ಓಟಿಗಾಗಿ ಹೋರಾಡಿದ ಮೂವರ ಅಮೃತಶಿಲೆ ಪ್ರತಿಮೆನ 1921ರಲ್ಲಿ ಸಂಸತ್ ಭವನಕ್ಕೆ ಕೊಟ್ರೆ ಅದನ್ನ ಕೆಳಗಿನ ನೆಲಮಾಳಿಗೆಗೆ ಇಳಿಸಿದ್ರು, ಮೇಲಿನ ದೊಡ್ಡ ಹಜಾರಕ್ಕೆ ಅದು ವಾಪಸ್ ಬಂದಿದ್ದು 1997ರಲ್ಲಿ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಲ್ಲಿ 2020ರವರೆಗೆ ನಿಜವಾಗಿ ಬದುಕಿದ್ದ ಒಬ್ಬ ಹೆಂಗಸಿನ ಪ್ರತಿಮೆನೂ ಇರ್ಲಿಲ್ಲ, ಕತೆಪುಸ್ತಕದ ಆಲಿಸ್ ತರದ ಪಾತ್ರಗಳಿದ್ವು ಅಷ್ಟೇ. ಮತ್ತೆ ಏಪ್ರಿಲ್ 1ಕ್ಕೆ ಗೋಡೆ ಚಿತ್ರಗಳೆಲ್ಲ ಇಳಿದುಬಿಡುತ್ತೆ, ಅದು ನಂಗೆ ಪ್ರತಿ ವರ್ಷ ಬೇಜಾರು.

ಈಗ ನಮ್ಮ ಕಡೆದು. ನಮ್ಮಲ್ಲಿ ಹೆಂಗಸರನ್ನ ನೆನೆಸ್ಕೊಳ್ಳಲ್ಲ ಅಂದ್ರೆ ಅದು ಸುಳ್ಳು. ಅಕ್ಕಮಹಾದೇವಿ ಹೆಸರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯನೇ ಇದೆ, ಕಿತ್ತೂರು ಉತ್ಸವ ಪ್ರತಿ ಅಕ್ಟೋಬರಲ್ಲಿ ಆಗುತ್ತೆ, ಒನಕೆ ಓಬವ್ವನ ಜಯಂತಿನ ಸರ್ಕಾರನೇ ಮಾಡುತ್ತೆ, ಅತ್ತಿಮಬ್ಬೆ ಹೆಸರಲ್ಲಿ ಪ್ರಶಸ್ತಿ ಕೊಡ್ತಾರೆ. ಆದ್ರೆ ನೋಡಿ, ನಮ್ಮ ನೆನಪಿನ ಮನೆ ಒಳಗೆ ಬರಬೇಕಾದ್ರೆ ಹೆಂಗಸು ರಾಣಿಯಾಗಿರಬೇಕು, ಇಲ್ಲ ಶರಣೆಯಾಗಿರಬೇಕು, ಇಲ್ಲಾ ಒಂದು ದಿನಕ್ಕಾದ್ರೂ ದುರ್ಗಿ ಆಗಿರಬೇಕು. ಅದು ಬಿಟ್ರೆ ಉಳಿಯೋದು ತ್ಯಾಗಮಯಿ ಅನ್ನೋ ಒಂದು ಪದ. ನಮ್ಮ ಕನ್ನಡ ಕೂಟದಲ್ಲೂ ಮಹಿಳಾ ದಿನಾಚರಣೆ ಅಂದ್ರೆ ರಂಗೋಲಿ ಸ್ಪರ್ಧೆ, ಯಾರೋ ಒಬ್ಬರು ಮೈಕ್ ಹಿಡಿದು ಹೆಣ್ಣು ಭೂಮಿ ತೂಕದೋಳು, ಕ್ಷಮಯಾ ಧರಿತ್ರಿ ಅಂತ ಭಾಷಣ, ಆಮೇಲೆ ಶಾಲು ಹಣ್ಣಿನ ಬುಟ್ಟಿ. ಸನ್ಮಾನ ಮಾಡಿಸ್ಕೊಂಡೋರು ಏನು ಕೆಲಸ ಮಾಡಿದ್ರು, ಯಾವ ವರ್ಷ ಮಾಡಿದ್ರು, ಯಾರು ಅಡ್ಡ ಬಂದ್ರು, ಇದನ್ನ ಯಾರೂ ಕೇಳಲ್ಲ. ಹೊಗಳಿಕೆ ಬೇಕಾದಷ್ಟಿದೆ, ವಿವರ ಇಲ್ಲ.

ನಮ್ಮೂರ ಕೆರೆ ಏರಿ ಪಕ್ಕ ಒಂದು ಮಾಸ್ತಿಕಲ್ಲಿದೆ. ಚಿಕ್ಕವನಿದ್ದಾಗ ದಿನಾ ನೋಡ್ತಿದ್ದೆ. ಕಂಬದಿಂದ ಹೊರಟ ಒಂದು ಬಲಗೈ, ಮೊಣಕೈ ಹತ್ರ ಬಾಗಿ ಮೇಲಕ್ಕೆ ಎದ್ದಿರೋ ಅಂಗೈ, ಕೈತುಂಬಾ ಬಳೆ. ಬಳೆ ಒಂದೊಂದಾಗಿ ಎಣಿಸಬಹುದು, ಅಷ್ಟು ಚೆನ್ನಾಗಿ ಕೆತ್ತಿದಾರೆ. ಹೆಸರು ಮಾತ್ರ ಇಲ್ಲ. ಗಂಡ ಸತ್ತ ದಿನ ಅವಳೂ ಸತ್ಲು ಅನ್ನೋದೊಂದೇ ಆ ಕಲ್ಲು ಹೇಳೋದು, ಅದರ ಹಿಂದಿನ ದಿನದವರೆಗೆ ಅವಳು ಯಾರು, ಏನು ಮಾಡ್ತಿದ್ಲು, ಅದು ಯಾರಿಗೂ ಬೇಕಾಗಿರ್ಲಿಲ್ಲ. ಇದಕ್ಕೆ ಎದುರಾಗಿ ನಾನು ಅತ್ತಿಮಬ್ಬೆನ ಇಟ್ಟು ನೋಡ್ತೀನಿ. ನಾಗದೇವನಿಗೆ ಅಕ್ಕ ತಂಗಿ ಇಬ್ಬರನ್ನೂ ಕೊಟ್ಟಿದ್ರು, ಅವನು ಯುದ್ಧದಲ್ಲಿ ಸತ್ತಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದ್ಲು, ಅತ್ತಿಮಬ್ಬೆ ಮಗನಿಗೋಸ್ಕರ ಉಳ್ಕೊಂಡ್ಲು. ಉಳ್ಕೊಂಡಿದ್ದಕ್ಕೇ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಓಲೆಗರಿಯಲ್ಲಿ ಬರೆಸಿ ಹಂಚಿದ್ಲು, ಉಳ್ಕೊಂಡಿದ್ದಕ್ಕೇ ಲಕ್ಕುಂಡಿಯಲ್ಲಿ ಆ ಬಸದಿ ಎದ್ದಿದ್ದು, 1007ನೇ ಇಸವಿಯ ಶಾಸನ ಈಗಲೂ ಅವಳ ಹೆಸರು ಹೇಳೋದು. ಒಂದು ಸಾವಿರ ಪ್ರತಿ ಅಂದ್ರೆ ಸುಮ್ನೆ ಅಲ್ಲ, ಆಗ ಒಂದೊಂದು ಗರಿನೂ ಕಂಟ ಅನ್ನೋ ಮೊನಚು ಕಡ್ಡಿಯಲ್ಲಿ ಕೊರೆದು ಮಸಿ ತುಂಬಬೇಕಿತ್ತು. ನಮ್ಮ ನಾಡಲ್ಲಿ ಬರವಣಿಗೆ ಉಳಿಸಿದ ಹೆಂಗಸು ಇದ್ರು, ಆದ್ರೆ ಹೆಂಗಸರನ್ನ ಬರವಣಿಗೆಯಲ್ಲಿ ಉಳಿಸೋಕೆ ನಾವು ಅಷ್ಟು ಮನಸ್ಸು ಮಾಡ್ಲಿಲ್ಲ. ನಂಜನಗೂಡು ತಿರುಮಲಾಂಬ ಅವರು ನೂರು ವರ್ಷದ ಹಿಂದೆನೇ, ಬಾಲವಿಧವೆಯಾಗಿದ್ದೋರು, ತಾವೇ ಬರೆದು ತಾವೇ ಪ್ರಕಾಶಕಿಯಾಗಿ ಕರ್ನಾಟಕ ನಂದಿನಿ ಅಂತ ಪತ್ರಿಕೆನೂ ನಡೆಸಿದ್ರು, 1982ರವರೆಗೆ ಬದುಕಿದ್ರು, ನಾನು ಹೈಸ್ಕೂಲ್ ಮುಗಿಸೋವರೆಗೂ ಅವರ ಹೆಸರೇ ಕೇಳಿರ್ಲಿಲ್ಲ.

ಸರಿ, ಮಗಳ ಎರಡನೇ ಕೆಲಸಕ್ಕೆ ಬರ್ತೀನಿ. ಅವಳು ಊರಿಗೆ ವಿಡಿಯೋ ಕಾಲ್ ಮಾಡಿದ್ದು ನನ್ನ ಸೋದರತ್ತೆಗೆ, ನಮ್ಮಪ್ಪನ ಅಕ್ಕ. ಅಜ್ಜಿ, ನೀವು ಮಾಡಿದ ದೊಡ್ಡ ಕೆಲಸ ಯಾವ್ದು ಹೇಳಿ ಅಂದ್ಲು. ಅತ್ತೆ ಹೇಳಿದ್ದು, ನಂದೇನಿದೆ ಮಗಾ ಹೇಳೋಕೆ, ನಿಮ್ಮ ತಾತನ ಕೇಳ್ಬೇಕಿತ್ತು, ಅವರಿದ್ದಿದ್ರೆ ಹೇಳೋರು. ನಾನು ಪಕ್ಕದಲ್ಲಿದ್ದೆ, ಅತ್ತೆ, ನೀವು ಮಂಡಲ ಪಂಚಾಯ್ತಿ ಮೆಂಬರ್ ಆಗಿದ್ರಲ್ವಾ ಅಂತ ನೆನಪು ಮಾಡಿದೆ. ಓ ಅದಾ, ಅಂದ್ರು. ಆಮೇಲೆ ಮುಕ್ಕಾಲು ಗಂಟೆ ಮಾತು ನಿಲ್ಲಿಸ್ಲೇ ಇಲ್ಲ.

ಅದು 1987. ಅಮೆರಿಕದಲ್ಲಿ ಹೆಂಗಸರ ಚರಿತ್ರೆಗೆ ಒಂದು ತಿಂಗಳು ಕೊಟ್ಟ ವರ್ಷನೇ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಚುನಾವಣೆ ನಡೀತು, 1983ರ ಕಾಯ್ದೆ ಪ್ರಕಾರ ನೂರಕ್ಕೆ 25 ಸೀಟು ಹೆಂಗಸರಿಗೆ ಅಂತ ಮೀಸಲು. ದೇಶಕ್ಕೆಲ್ಲ ಮೂರನೇ ಒಂದು ಭಾಗ ಅಂತ ಸಂವಿಧಾನ ತಿದ್ದುಪಡಿ ಜಾರಿಗೆ ಬಂದಿದ್ದು 1993ರಲ್ಲಿ, ಅದಕ್ಕೂ ಆರು ವರ್ಷ ಮೊದಲೇ ನಮ್ಮ ಹಳ್ಳಿಗಳಲ್ಲಿ ಸಾವಿರಾರು ಹೆಂಗಸರು ಗೆದ್ದು ಬಂದು ಕೂತಿದ್ರು. ಇನ್ನೊಂದು ಹೇಳ್ತೀನಿ ಕೇಳಿ, ವಿಲ್ಮಾ ಮ್ಯಾನ್‌ಕಿಲ್ಲರ್ ಮೊದಲು ಉಪಮುಖ್ಯಸ್ಥೆ ಆಗಿದ್ದು, 1985ರಲ್ಲಿ ಹಿಂದಿನವರು ಬಿಟ್ಟು ಹೋದಾಗ ಆ ಜಾಗಕ್ಕೆ ಬಂದಿದ್ದು, ಆದ್ರೆ ತಾವೇ ಚುನಾವಣೆಗೆ ನಿಂತು ಚೆರೋಕಿ ನೇಷನ್ನಿನ ಮುಖ್ಯಸ್ಥೆಯಾಗಿ ಗೆದ್ದಿದ್ದು ಅದೇ 1987ರಲ್ಲಿ. ಅವರಿಗಿಂತ ಮುಂಚೆ ಆ ಸ್ಥಾನಕ್ಕೆ ಯಾವ ಹೆಂಗಸೂ ಗೆದ್ದಿರ್ಲಿಲ್ಲ. ಅವರು ಮೊದಲು ಹೆಸರು ಮಾಡಿದ್ದು ಯಾವುದರಿಂದ ಗೊತ್ತಾ, ಬೆಲ್ ಅನ್ನೋ ಒಂದು ಬಡ ಹಳ್ಳಿಗೆ ನೀರು ತಂದಿದ್ದಕ್ಕೆ, ಊರ ಜನರ ಕೈಯಲ್ಲೇ ಮೈಲಿಗಟ್ಟಲೆ ಪೈಪ್ ಹಾಕಿಸಿದ್ರು.

ನಮ್ಮತ್ತೆದೂ ನೀರಿನ ಕತೆನೇ. ಆಗ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ, ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ನೀರ್ ಸಾಬ್ ಆದೋರು. ನಮ್ಮ ಮಂಡಲಕ್ಕೂ ಬೋರ್‌ವೆಲ್ ಬಂತು. ಎಲ್ಲಿ ಹಾಕ್ಸೋದು ಅಂತ ಮೀಟಿಂಗು. ಜಾಗ ಆಗ್ಲೇ ನಿಗದಿ ಆಗಿತ್ತಂತೆ, ಊರ ದೊಡ್ಡವರೊಬ್ಬರ ಮನೆ ಮುಂದೆ. ಅತ್ತೆ ಓದಿದ್ದು ನಾಲ್ಕನೇ ಕ್ಲಾಸ್. ಗೆದ್ದು ಬಂದ ಮೇಲೂ ಮೊದಲೆರಡು ಮೀಟಿಂಗಲ್ಲಿ ಬಾಗಿಲ ಹತ್ರ ಕೂರಿಸಿ, ಪುಸ್ತಕ ಮುಂದೆ ತಂದು ಇಲ್ಲಿ ಸಹಿ ಹಾಕಮ್ಮ ಅನ್ನೋರು, ಹಾಕೋರು, ಮನೆಗೆ ಬರೋರು. ಈ ಸಲ ಸಹಿ ಹಾಕಮ್ಮ ಅಂದಾಗ, ಏನು ಬರ್ದಿದೀರ ಓದಿ ಹೇಳಿ, ಆಮೇಲೆ ಹಾಕ್ತೀನಿ ಅಂದ್ರಂತೆ. ಯಾರೋ ನಕ್ರು. ಒಬ್ಬರು, ಹೋಗಿ ನಿನ್ನ ಗಂಡನ್ನ ಕಳಿಸು ಅಂದ್ರು. ಅತ್ತೆ ಎದ್ದು ಹೋಗ್ಲಿಲ್ಲ, ಸಹಿನೂ ಹಾಕ್ಲಿಲ್ಲ. ಕೇರಿ ಹೆಂಗಸರು ಒಂದೂವರೆ ಮೈಲಿ ದೂರದ ಬಾವಿಯಿಂದ ನೀರು ಹೊರ್ತಾರೆ, ಬೋರು ಅವರ ಕೇರಿ ಬಾಯಲ್ಲಿ ಆಗ್ಬೇಕು, ಹಂಗೆ ಬರೀರಿ ಅಂತ ಪಟ್ಟು ಹಿಡಿದ್ರು. ಮೂರು ಮೀಟಿಂಗು ಇದೇ ಜಗಳ. ಆ ತಿಂಗಳುಗಳಲ್ಲಿ ನಮ್ಮನೆಗೆ ಆಳು ಬರೋದು ನಿಂತು ಹೋಯ್ತಂತೆ, ಮಾವನ ಹತ್ರ ಜನ ಮಾತು ಬಿಟ್ರಂತೆ. ಕೊನೆಗೆ ಠರಾವು ಆಯ್ತು. ಮೊದಲ ದಿನ ಕೈಪಂಪು ಒತ್ತಿದಾಗ ಕೆಂಪು ನೀರು ಬಂತು, ಆಮೇಲೆ ತಿಳಿ ಆಯ್ತು, ಅಂದ್ರು ಅತ್ತೆ, ಕೈಯಲ್ಲಿ ಪಂಪು ಒತ್ತೋ ಹಾಗೆ ತೋರಿಸ್ತಾ.

ನಾನು ಅದೇ ಪಂಪಲ್ಲಿ ಕಾಲು ತೊಳ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ. ನೀರ್ ಸಾಬ್ ಹೆಸರು ನಂಗೆ ಗೊತ್ತಿತ್ತು, ಗೊತ್ತಿರಲೇಬೇಕು, ಅವರು ಅಷ್ಟು ದೊಡ್ಡ ಕೆಲಸ ಮಾಡಿದೋರು. ಆದ್ರೆ ಆ ಬೋರು ಆ ಜಾಗದಲ್ಲಿ ಯಾಕೆ ಇದೆ ಅಂತ ನಂಗೆ ಗೊತ್ತಾಗಿದ್ದು ಈ ವಯಸ್ಸಿಗೆ, ಅದೂ ಅಮೆರಿಕದ ಒಬ್ಬ ಟೀಚರ್ ಮಗಳಿಗೆ ಹೋಮ್‌ವರ್ಕ್ ಕೊಟ್ಟಿದ್ದಕ್ಕೆ. ಇದು ನಂಗೆ ತುಂಬಾ ನೋವು ಕೊಡ್ತು. ನಮ್ಮ ನಾಡು ಹೆಂಗಸರಿಗೆ ಕುರ್ಚಿ ಕೊಡೋದರಲ್ಲಿ ದೇಶಕ್ಕೇ ಮುಂದಿತ್ತು, ಈಗ ಪಂಚಾಯ್ತಿಗಳಲ್ಲಿ ಅರ್ಧಕ್ಕರ್ಧ ಸೀಟು ಅವರಿಗೇ ಮೀಸಲು, ಆದ್ರೆ ಆ ಕುರ್ಚಿ ಮೇಲೆ ಮೊದಲು ಕೂತೋರು ಯಾರು, ಅಂತ ಒಂದು ಪಟ್ಟಿ ಕೂಡ ಊರಲ್ಲಿ ನೇತಾಡ್ತಿಲ್ಲ. ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ರು, ತಿಮ್ಮಕ್ಕ 385 ಆಲದ ಮರ ಬೆಳೆಸಿದ್ರು ಅಂತ ನಮಗೆ ಗೊತ್ತಿರೋದು ಯಾರೋ ಪುಣ್ಯಾತ್ಮರು ಕೂತು ಕೇಳಿ ಲೆಕ್ಕ ಬರೆದಿದ್ದಕ್ಕೆ, ಕೇಳದೇ ಹೋದೋರು ಎಷ್ಟು ಜನ ಇರಬೇಡ.

ನನ್ನ ಅಕ್ಕನ ಮಗನಿಗೆ ಹೇಳಿದೆ, ಪಂಚಾಯ್ತಿ ಆಫೀಸಿಗೆ ಹೋಗಿ ನೋಡೋ ಅಂತ. ಅಲ್ಲಿ ಅಧ್ಯಕ್ಷರ ಹೆಸರಿನ ಬೋರ್ಡ್ ಇದೆ, 1993ರ ಕಾಯ್ದೆ ಆಗಿ ಗ್ರಾಮ ಪಂಚಾಯ್ತಿ ಆದ್ಮೇಲಿನವರದು ಮಾತ್ರ, ಮಂಡಲದ ಕಾಲದ್ದು ಯಾವುದೂ ಇಲ್ಲ. ಹಳೇ ಪುಸ್ತಕ ಏನಾದ್ರೂ ಇದೆಯಾ ಅಂತ ಕೇಳಿದ್ರೆ ಹಿಂದಿನ ರೂಮಲ್ಲಿ ಒಂದು ಗೋಣಿಚೀಲ ತೋರ್ಸಿದ್ರಂತೆ. ಪುಣ್ಯಕ್ಕೆ ಗೆದ್ದಲು ಅರ್ಧ ತಿಂದಿದ್ದು, ಅರ್ಧ ಬಿಟ್ಟಿತ್ತು. ಎರಡು ಗಂಟೆ ಹುಡುಕಿ ಒಂದು ನಡವಳಿ ಪುಸ್ತಕ ತೆಗೆದ. ಫೋಟೋ ಕಳಿಸಿದ, ವಾಟ್ಸಾಪಲ್ಲಿ. ಹಾಜರಿದ್ದ ಸದಸ್ಯರು ಅಂತ ಪಟ್ಟಿ, ಗಂಡಸರದೆಲ್ಲ ಬರೀ ಹೆಸರು, ಅತ್ತೆ ಹೆಸರಿನ ಮುಂದೆ ಕೋಂ, ಅಂದ್ರೆ ಇಂಥವರ ಹೆಂಡತಿ, ಅಂತ ಹಾಕಿ ಮಾವನ ಹೆಸರು, ಓಟು ಗೆದ್ದಿದ್ದು ಮಾವ ಅಲ್ಲ ಆದ್ರೂ. ಅದರ ಕೆಳಗೆ ನೀಲಿ ಇಂಕಲ್ಲಿ ದೊಡ್ಡ ದೊಡ್ಡ ಅಕ್ಷರದ ಸಹಿ, ಅಲ್ಲಿ ಕೋಂ ಇಲ್ಲ, ಬರೀ ಅವರ ಹೆಸರು.

ಮಗಳು ಆ ಫೋಟೋ ಪ್ರಿಂಟ್ ಹಾಕಿ, ಒಂದು ಕಡೆ ಕ್ವಾರ್ಟರ್ ಅಂಟಿಸಿ, ಇನ್ನೊಂದು ಕಡೆ ಸಹಿ ಅಂಟಿಸಿ, ಎರಡರ ಕೆಳಗೂ 1987 ಅಂತ ಬರೆದ್ಲು. ಕ್ಲಾಸಲ್ಲಿ ಎರಡು ಲಿಪಿನೂ ಓದಿ ತೋರಿಸೋಕೆ ಹೇಳಿದ್ರಂತೆ, ಕನ್ನಡದ್ದು ಓದಿದ್ಲು.

ಸಂಜೆ ಅತ್ತೆಗೆ ಮತ್ತೆ ಕಾಲ್ ಮಾಡಿ ತೋರಿಸಿದ್ವಿ. ಕನ್ನಡಕ ಹಾಕ್ಕೊಂಡು ಫೋನ್ ಹತ್ರ ಹಿಡಿದು ನೋಡಿದ್ರು, ಒಂದು ತಲೆಕಟ್ಟು ಬಿಟ್ಟೋಗಿದೆ ನೋಡು, ಅವತ್ತು ಕೈ ನಡುಗ್ತಿತ್ತು ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು, ಆ ಪುಸ್ತಕ ಈಗ ಎಲ್ಲಿಟ್ಟಿದಾರೆ?

ಅಲ್ಲೇ ಅತ್ತೆ, ಆ ಚೀಲದಲ್ಲೇ ಇರ್ಬೇಕು ಅಂದೆ.

ಗೋಣಿಚೀಲದಲ್ಲಿ ಯಾಕಿಡ್ತಾರೆ, ಬೀರು ಇಲ್ವಾ ಅವರ ಹತ್ರ, ನಾಳೆ ಬೆಳಿಗ್ಗೆ ಹೋಗ್ತೀನಿ ಇರು, ಅಂದ್ರು.