ಸತ್ಯಾಂಶ: 1950ರ ವಿಶ್ವಕಪ್ ಮತ್ತು ಬರಿಗಾಲಿನ ಕಥೆ

ಬರಿಗಾಲಲ್ಲಿ ಆಡುತ್ತಾರೆಂದು 1950ರ ಬ್ರೆಜಿಲ್ ಫುಟ್‌ಬಾಲ್ ವಿಶ್ವಕಪ್‌ನಿಂದ ಭಾರತವನ್ನು ಹೊರಗಿಟ್ಟರು ಎಂಬ ಸಂದೇಶ ಆಗಾಗ ಬರುತ್ತಲೇ ಇರುತ್ತದೆ. ಕೇಳಲು ಚೆನ್ನಾಗಿದೆ, ಆದರೆ ನಡೆದದ್ದು ಹಾಗಲ್ಲ. ಅರ್ಹತಾ ಗುಂಪಿನ ಎದುರಾಳಿಗಳು ಹಿಂದೆ ಸರಿದಿದ್ದರಿಂದ ಭಾರತಕ್ಕೆ ಆಡದೆಯೇ ಜಾಗ ಸಿಕ್ಕಿತ್ತು; ಸ್ವೀಡನ್, ಇಟಲಿ, ಪರಾಗ್ವೆ ಜೊತೆ ಗುಂಪೂ ನಿಗದಿಯಾಗಿತ್ತು. ಆಮೇಲೆ ಹಿಂದೆ ಸರಿದದ್ದು ನಾವೇ. ದೂರದ ಪ್ರಯಾಣ, ಅಭ್ಯಾಸಕ್ಕೆ ಸಮಯದ ಕೊರತೆ ಕಾರಣವೆಂದರು. ಆಗ ನಮ್ಮವರಿಗೆ ಒಲಿಂಪಿಕ್ಸೇ ದೊಡ್ಡದು ಎಂಬುದೂ ನಿಜ.

ಬರಿಗಾಲಿನ ಮಾತಿಗೆ ಪೂರ್ತಿ ಬುಡವಿಲ್ಲ ಅಂತಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 1-2ರಲ್ಲಿ ಸೋತಾಗ ನಮ್ಮ ಹೆಚ್ಚಿನ ಆಟಗಾರರು ಬೂಟು ಹಾಕಿರಲಿಲ್ಲ.

ನೀವೇ ಪರೀಕ್ಷಿಸಲು ಒಂದು ದಾರಿ: ಸಂದೇಶದಲ್ಲಿ ಹೇಳಿದ ಇಸವಿಯ ನಂತರ ಏನಾಯಿತೆಂದು ನೋಡಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯಾ ವಿರುದ್ಧ 1-10ರಲ್ಲಿ ಸೋತ ಪಂದ್ಯದಲ್ಲೂ ನಮ್ಮ ಹಲವರು ಬರಿಗಾಲಲ್ಲೇ ಆಡಿದ್ದರು. ನಮ್ಮಲ್ಲಿ ಬೂಟು ಕಡ್ಡಾಯವಾದದ್ದು ಅದಾದ ಮೇಲೆ.