ಫೈರ್ ಇಂಜಿನ್ನಿಗೆ ನೀರು ಕೊಡುತ್ತಿದ್ದ ಕೆರೆ

ಈ ಬೇಸಿಗೆಯಲ್ಲಿ ನಮ್ಮೂರಿನ ಕಣದ ಪಕ್ಕ ಎರಡು ರಾಗಿ ಹುಲ್ಲಿನ ಮೆದೆಗಳಿಗೆ ಬೆಂಕಿ ಬಿತ್ತು. ಕೋಲಾರ ಜಿಲ್ಲೆಯವರಿಗೆ ಮೆದೆ ಸುಡುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಮುಂದಿನ ಸುಗ್ಗಿಯವರೆಗೆ ಹಸುಗಳ ಹೊಟ್ಟೆಗೆ ಬೇಕಾದದ್ದೆಲ್ಲ ಅದರಲ್ಲಿಯೇ ಇರುತ್ತದೆ. ಫೋನ್ ಮಾಡಿದ ಅರ್ಧ ಗಂಟೆಯೊಳಗೆ ಫೈರ್ ಇಂಜಿನ್ ಬಂತು, ಸಿಬ್ಬಂದಿ ಇಳಿದ ಕೂಡಲೇ ಪೈಪು ಬಿಚ್ಚಿ ನೀರು ಹೊಡೆದರು, ಒಂದು ಮೆದೆ ತಹಬಂದಿಗೆ ಬರುವಷ್ಟರಲ್ಲಿ ವಾಹನದ ಟ್ಯಾಂಕು ಬರಿದಾಯಿತು. ಅವರು "ಹತ್ತಿರದಲ್ಲಿ ನೀರು ಎಲ್ಲಿದೆ?" ಎಂದು ಕೇಳಿದಾಗ ಸುತ್ತ ನಿಂತಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೆರೆ ಇತ್ತು, ಅದರಲ್ಲಿ ಸೀಮೆಜಾಲಿ ಬೆಳೆದಿತ್ತು. ವಾಹನ ನೀರು ತುಂಬಿಸಿಕೊಂಡು ಬರಲು ಹೋಯಿತು. ಹಿಂತಿರುಗುವ ವೇಳೆಗೆ ಎರಡನೆಯ ಮೆದೆ ಬೂದಿಯಾಗಿತ್ತು.

ಆ ದಿನ ಕೆಲವರು ಅಗ್ನಿಶಾಮಕ ದಳದವರನ್ನು ಬೈದರು. ಅದು ಅನ್ಯಾಯವೆಂದು ನನಗೆ ಆಗಲೂ ಅನ್ನಿಸಿತು, ಆಮೇಲೆ ಲೆಕ್ಕ ಹಾಕಿ ನೋಡಿದಾಗ ಇನ್ನೂ ಖಚಿತವಾಯಿತು. ಸಾಮಾನ್ಯವಾಗಿ ನಾವು ಕಾಣುವ ಫೈರ್ ಇಂಜಿನ್, ಅಂದರೆ ವಾಟರ್ ಟೆಂಡರ್, ಹೊತ್ತು ತರುವುದು ಸುಮಾರು 4,500 ಲೀಟರ್ ನೀರನ್ನು. ಒಬ್ಬ ಸಿಬ್ಬಂದಿ ಹಿಡಿಯುವ ಒಂದು ಪೈಪಿನಿಂದ ನಿಮಿಷಕ್ಕೆ 300ರಿಂದ 450 ಲೀಟರ್ ಹೊರಬೀಳುತ್ತದೆಂದು ಇಟ್ಟುಕೊಂಡರೂ ಹತ್ತರಿಂದ ಹದಿನೈದು ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ. ಅಂದರೆ ಈ ವಾಹನ ತರುವ ನೀರು ಕೆಲಸ ಶುರುಮಾಡುವುದಕ್ಕೆ ಮಾತ್ರ; ಮುಂದಿನದನ್ನು ಬೆಂಕಿ ಬಿದ್ದ ಊರೇ ಕೊಡಬೇಕು. ಆ ಕಾರಣಕ್ಕಾಗಿಯೇ ವಾಹನದಲ್ಲಿ ಗಟ್ಟಿಯಾದ ದಪ್ಪನೆಯ ಸಕ್ಷನ್ ಪೈಪುಗಳಿರುತ್ತವೆ. ಅವುಗಳನ್ನು ಒಂದಕ್ಕೊಂದು ಜೋಡಿಸಿ, ತುದಿಗೆ ಜರಡಿ ಹಾಕಿ ಕೆರೆಗೋ ಬಾವಿಗೋ ಇಳಿಬಿಟ್ಟರೆ ಪಂಪು ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಆದರೆ ಹೀಗೆ ಎಳೆಯುವುದಕ್ಕೆ ಪ್ರಕೃತಿಯೇ ಒಂದು ಮಿತಿ ಹಾಕಿದೆ. ಪೈಪಿನೊಳಗಿನ ಗಾಳಿಯನ್ನು ತೆಗೆದಾಗ ಹೊರಗಿನ ವಾಯುವಿನ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆಯೇ ಹೊರತು ಬೇರೆ ಶಕ್ತಿಯಲ್ಲ. ಆದ್ದರಿಂದ ಪಂಪು ಎಷ್ಟೇ ದೊಡ್ಡದಿದ್ದರೂ ನೀರಿನ ಮಟ್ಟ ಸುಮಾರು 7 ಮೀಟರಿಗಿಂತ ಕೆಳಗಿದ್ದರೆ ಅದು ಕೈಗೆ ಸಿಗುವುದಿಲ್ಲ. ಸಾವಿರ ಅಡಿಗೂ ಆಳಕ್ಕೆ ಕೊಳವೆಬಾವಿ ಕೊರೆಸಿಕೊಂಡಿರುವ ನಮ್ಮ ಜಿಲ್ಲೆಯಲ್ಲಿ ಈ ಒಂದು ಸಂಗತಿಯನ್ನು ಎಲ್ಲರೂ ತಿಳಿದುಕೊಳ್ಳಬೇಕು. ಕೊಳವೆಬಾವಿಯ ನೀರು ತೋಟಕ್ಕೆ ಆಗುತ್ತದೆ, ಬೆಂಕಿ ಬಿದ್ದ ಹೊತ್ತಿನಲ್ಲಿ ಫೈರ್ ಇಂಜಿನ್ನಿನ ಪಂಪಿಗೆ ಎಟುಕುವುದಿಲ್ಲ. ಅದಕ್ಕೆ ಬೇಕಾದದ್ದು ತೆರೆದ ನೀರು: ಕೆರೆ, ಕುಂಟೆ, ಕಲ್ಯಾಣಿ, ಮೆಟ್ಟಿಲು ಬಾವಿ.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಇದೇ ಊರಿನಲ್ಲಿ ಒಂದು ಮನೆಗೆ ಬೆಂಕಿ ಬಿದ್ದಿತ್ತು. ಅಂದು ಬಂದ ಇಂಜಿನ್ ನೇರವಾಗಿ ಕೆರೆ ಏರಿಯ ಮೇಲೆ ಹೋಗಿ ನಿಂತು, ಪೈಪನ್ನು ನೀರಿಗೆ ಇಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಪಂಪಿನ ಸದ್ದು ಬದಲಾದ ಕೂಡಲೇ "ನೀರು ಹಿಡೀತು" ಎಂದು ಸಿಬ್ಬಂದಿಯೊಬ್ಬರು ಕೂಗಿದ್ದರು. ನಮ್ಮ ತಾತ ಅದನ್ನು ನೋಡುತ್ತಾ, ತಮ್ಮ ಕಾಲದಲ್ಲಿ ಇದೇ ಏರಿಯಿಂದ ಸುಡುವ ಗುಡಿಸಲಿನವರೆಗೆ ಜನ ಸಾಲಾಗಿ ನಿಂತು ಬಿಂದಿಗೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರೆಂದು ಹೇಳಿದ್ದರು. ತುಂಬಿದ ಬಿಂದಿಗೆಗೆ ಗಂಡಸರ ಸಾಲು, ಖಾಲಿ ಬಿಂದಿಗೆ ಹಿಂದಕ್ಕೆ ಬರಲು ಹೆಂಗಸರ ಮತ್ತು ಮಕ್ಕಳ ಸಾಲು. ಇನ್ನು ಕೆಲವರು ಉರಿಯುವ ಮನೆಯನ್ನು ಬಿಟ್ಟು ಅದರ ಪಕ್ಕದ ಮನೆಯ ಸೋಗೆಯನ್ನು ಕಿತ್ತು ಹಾಕುತ್ತಿದ್ದರಂತೆ. ಬೆಂಕಿಗೆ ಮುಂದಿನ ತುತ್ತು ಸಿಗದಂತೆ ಮಾಡುವ ಆ ಕ್ರಮವನ್ನು ಅವರಿಗೆ ಯಾವ ತರಬೇತಿ ಶಾಲೆಯೂ ಕಲಿಸಿರಲಿಲ್ಲ.

ಇದು ಹಳ್ಳಿಯವರು ಗಡಿಬಿಡಿಯಲ್ಲಿ ಮಾಡಿಕೊಂಡ ಏರ್ಪಾಡೆಂದು ಯಾರೂ ತಿಳಿಯಬಾರದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರದ ಆಡಳಿತವನ್ನು ಹೇಳುವ ಅಧ್ಯಾಯ ಬೇಸಿಗೆಯ ಬೆಂಕಿಯ ಬಗ್ಗೆ ಬಹಳ ವಿವರವಾಗಿ ಮಾತನಾಡುತ್ತದೆ. ಪ್ರತಿ ಮನೆಯಲ್ಲಿಯೂ ನೀರಿನ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ಚರ್ಮದ ಚೀಲ ಇರಬೇಕು; ಬೀದಿಗಳಲ್ಲಿ, ಕೂಡುದಾರಿಗಳಲ್ಲಿ, ಬಾಗಿಲುಗಳ ಬಳಿ ನೀರಿನ ಕೊಡಗಳನ್ನು ಸಾಲಾಗಿ ಇಟ್ಟಿರಬೇಕು; ಕಮ್ಮಾರರಂತೆ ಬೆಂಕಿ ಬಳಸಿ ಕಸುಬು ಮಾಡುವವರು ಒಂದೆಡೆ ವಾಸಿಸಬೇಕು. ಬೆಂಕಿ ಬಿದ್ದಾಗ ಓಡಿಬಾರದ ಮನೆಯೊಡೆಯನಿಗೆ 12 ಪಣ, ಬಾಡಿಗೆಗೆ ಇರುವವನಿಗೆ 6 ಪಣ ದಂಡ. ಆ ಪಟ್ಟಿಯ ಏಣಿ, ಕೊಡಲಿ, ಕೊಕ್ಕೆಗಳು ಇಂದಿಗೂ ಫೈರ್ ಇಂಜಿನ್ನಿನ ಮೇಲೆ ಇವೆ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ದಂಡದ ಮಾತು: ಬೆಂಕಿ ನಂದಿಸುವುದು ಇಲ್ಲಿ ಒಬ್ಬರ ಉದ್ಯೋಗವಲ್ಲ, ಊರಿನಲ್ಲಿ ಇರುವವರೆಲ್ಲರ ಹೊಣೆ.

ಮೆದೆಯ ಬೆಂಕಿ ಯಾಕೆ ಇಷ್ಟು ನೀರು ಕುಡಿಯುತ್ತದೆ ಎಂಬುದನ್ನೂ ಹೇಳಬೇಕು. ಮಳೆಯ ನೀರು ಒಳಗೆ ಇಳಿಯದೆ ಜಾರಿ ಹೋಗಲೆಂದೇ ನಾವು ಮೆದೆಯನ್ನು ಹಾಗೆ ಒಟ್ಟುತ್ತೇವೆ. ಪೈಪಿನ ನೀರೂ ಹಾಗೆಯೇ ಜಾರಿ ಹೋಗುತ್ತದೆ, ಒಳಗಿನ ಕೆಂಡ ಹಾಗೆಯೇ ಇರುತ್ತದೆ. ಹುಲ್ಲನ್ನು ಕೊಕ್ಕೆಯಿಂದ ಎಳೆದು ಹರಡಿ ನೆನೆಸುವುದೊಂದೇ ದಾರಿ. ಏಪ್ರಿಲ್ 14ರಂದು ದೇಶವೆಲ್ಲ ಅಗ್ನಿಶಾಮಕ ಸೇವಾ ದಿನವನ್ನು ಆಚರಿಸುವುದಕ್ಕೆ ಕಾರಣವಾದ ದುರಂತದಲ್ಲಿಯೂ ಇದೇ ಬಗೆಯ ಬೆಂಕಿಯಿತ್ತು. 1944ರ ಆ ದಿನ ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿನಲ್ಲಿ ಹತ್ತಿಯ ಬೇಲುಗಳೂ ಸ್ಫೋಟಕಗಳೂ ಒಟ್ಟಿಗಿದ್ದವು. ಹತ್ತಿಯ ನಡುವೆ ಎಲ್ಲಿ ಉರಿಯುತ್ತಿದೆ ಎಂಬುದು ಹೊಗೆಯಲ್ಲಿ ಕಾಣದೆ, ನೂರಾರು ಟನ್ ನೀರು ಸುರಿದರೂ ಬೆಂಕಿ ಆರಲಿಲ್ಲ. ಸಂಜೆ ನಾಲ್ಕು ಗಂಟೆ ದಾಟಿದ ಮೇಲೆ ಹಡಗು ಸಿಡಿದು, 66 ಮಂದಿ ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು. ಹೊಗೆ ಕಂಡ ಮೇಲೆಯೂ ಓಡಿಹೋಗದೆ ಪೈಪು ಹಿಡಿದು ನಿಂತವರು ಅವರು. ಅವರನ್ನು ನೆನೆಯುವಾಗ ನನಗೆ ಮೆದೆಯ ಮುಂದೆ ಕೆಮ್ಮುತ್ತಾ ನಿಂತಿದ್ದ ನಮ್ಮ ಠಾಣೆಯ ಹುಡುಗರೂ ನೆನಪಾಗುತ್ತಾರೆ.

ನಮ್ಮ ರಾಜ್ಯದ ಅಗ್ನಿಶಾಮಕ ಕಾಯ್ದೆ 1964ರದು. ಆಗ ರಾಜ್ಯದ ಹೆಸರು ಇನ್ನೂ ಮೈಸೂರು. ಬೆಂಕಿ ಬಿದ್ದ ಸ್ಥಳದಲ್ಲಿ ಸಿಗುವ ನೀರನ್ನು ಬಳಸಿಕೊಳ್ಳುವ ಅಧಿಕಾರವನ್ನು ಇಂಥ ಕಾಯ್ದೆಗಳು ದಳಕ್ಕೆ ಕೊಡುತ್ತವೆ. ಆದರೆ ಕೆರೆಯಲ್ಲಿ ನೀರನ್ನು ಇರಿಸುವ ಶಕ್ತಿ ಯಾವ ಕಾಯ್ದೆಗೂ ಇಲ್ಲ. ಅಖಂಡ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಕೆರೆಯನ್ನು ನೋಡಿಕೊಳ್ಳುವವರಿಗೆಂದು ಬಿತ್ತುವಟ್ಟ ಎಂಬ ಭೂದತ್ತಿ ಬಿಟ್ಟ ಶಾಸನಗಳು ನಾಡಿನಲ್ಲಿವೆ. ತೂಬು ತೆಗೆದು ಮುಚ್ಚುವ ನೀರುಗಂಟಿ ನಮ್ಮ ಊರುಗಳಲ್ಲಿ ನೆನ್ನೆ ಮೊನ್ನೆಯವರೆಗೂ ಇದ್ದ. ನೀರುಗಂಟಿಯನ್ನು ನಾವು ವ್ಯವಸಾಯದ ಇತಿಹಾಸದಲ್ಲಿ ಮಾತ್ರ ಸೇರಿಸುತ್ತೇವೆ. ಕೆರೆಯಲ್ಲಿ ಬೇಸಿಗೆಗೂ ಒಂದಿಷ್ಟು ನೀರು ಉಳಿಯುವಂತೆ ನೋಡಿಕೊಂಡ ಅವನು ನನ್ನ ದೃಷ್ಟಿಯಲ್ಲಿ ಅಗ್ನಿಶಾಮಕ ಪರಂಪರೆಯವನೂ ಹೌದು. 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಅನೇಕ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಗುಣಮಟ್ಟದ ಬಗ್ಗೆ ನಡೆಯುತ್ತಿರುವ ಚರ್ಚೆ ಗಂಭೀರವಾದದ್ದು, ಅದನ್ನು ಇಲ್ಲಿ ಎತ್ತುವುದಿಲ್ಲ; ಬೆಂಕಿಯ ಮಟ್ಟಿಗೆ ಮಾತ್ರ ಹೇಳುವುದಾದರೆ, ನೀರು ಬಂದ ಕೆರೆಗಳಲ್ಲಿಯೂ ವಾಹನ ಅಂಚಿನವರೆಗೆ ಹೋಗುವ ದಾರಿ ಇದೆಯೇ ಎಂದು ಯಾರೂ ನೋಡಿದಂತಿಲ್ಲ.

ಪರಂಪರೆ ಎಂದ ಕೂಡಲೇ ಹಿತ್ತಾಳೆಯ ಹೆಲ್ಮೆಟ್, ಹಳೆಯ ಗಂಟೆ, ಕೈಪಂಪು ನೆನಪಾಗುತ್ತವೆ. ಅವೆಲ್ಲ ಉಳಿಯಬೇಕು; ಬೆಂಕಿಯ ಕರೆಗಳನ್ನು ಬರೆದಿಟ್ಟ ಠಾಣೆಗಳ ಹಳೆಯ ಪುಸ್ತಕಗಳು ಗೆದ್ದಲಿನ ಪಾಲಾಗುವ ಮೊದಲು ಒಬ್ಬರಾದರೂ ಅವುಗಳನ್ನು ಓದಿ ನಕಲು ಮಾಡಬೇಕು. ಆದರೆ ನಿವೃತ್ತರಾದ ಒಬ್ಬ ಪ್ರಮುಖ ಅಗ್ನಿಶಾಮಕರ (ಲೀಡಿಂಗ್ ಫೈರ್‌ಮನ್) ಮನೆಗೆ ಹೋಗಿ ಮಾತನಾಡಿಸಿದಾಗ ಅವರು ಹೆಲ್ಮೆಟ್ಟಿನ ಮಾತನ್ನೇ ಎತ್ತಲಿಲ್ಲ. ಯಾವ ಊರಿನ ಕುಂಟೆಗೆ ಎಡಗಡೆಯಿಂದ ಹೋಗಬೇಕು, ಯಾವ ಕಲ್ಯಾಣಿಯ ಮೆಟ್ಟಿಲು ಪೈಪಿಗೆ ಅನುಕೂಲ, ಯಾವ ಬಾವಿಯಲ್ಲಿ ಸಂಕ್ರಾಂತಿಯ ನಂತರ ನೀರು ಇಳಿಯುತ್ತದೆ ಎಂಬುದನ್ನೇ ಒಂದು ಗಂಟೆ ಹೇಳಿದರು. "ಬೆಂಕಿ ಎಲ್ಲಿ ಅಂತ ಜನ ಹೇಳ್ತಾರೆ ಸಾರ್, ನೀರು ಎಲ್ಲಿ ಅಂತ ನಾವೇ ತಿಳ್ಕೊಂಡಿರಬೇಕಾಗಿತ್ತು" ಎಂದರು. ಆ ತಿಳಿವಳಿಕೆ ಯಾವ ಕಡತದಲ್ಲಿಯೂ ಇಲ್ಲ, ಅವರ ತಲೆಯಲ್ಲಿ ಮಾತ್ರ ಇದೆ.

ಅವರು ಹೇಳಿದ್ದನ್ನು ನಾನು ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ, ಇನ್ನೂ ಎರಡು ಸಲ ಹೋಗಿ ಕೂರಬೇಕು. ಕಳೆದ ಭಾನುವಾರ ನಾವು ಐದು ಜನ ಸೇರಿ ಊರಿನ ಕಲ್ಯಾಣಿಯ ಬಳಿಯ ಜಾಲಿ ಕಡಿದೆವು, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದೆವು. ವಾಹನ ನಿಲ್ಲಬಹುದಾದ ಜಾಗದಿಂದ ನೀರಿಗೆ ಹದಿನಾರು ಅಡಿ. 7 ಮೀಟರ್ ಎಂದರೆ ಸುಮಾರು ಇಪ್ಪತ್ತಮೂರು ಅಡಿ, ಆದ್ದರಿಂದ ಪೈಪು ಎಟುಕುತ್ತದೆ. ದಾರಿಯಲ್ಲಿ ಒಂದು ಕಡೆ ಮಣ್ಣು ಕುಸಿದಿದೆ, ಅಲ್ಲಿಗೆ ಎರಡು ಟ್ರ್ಯಾಕ್ಟರ್ ಗ್ರಾವೆಲ್ ಬೇಕು. ನಿಮ್ಮ ಊರಿನ ಕುಂಟೆ, ಕಲ್ಯಾಣಿಗಳ ಅಳತೆಯನ್ನೂ, ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುವ ಹಳೆಯ ಬೆಂಕಿಗಳ ನೆನಪನ್ನೂ ಇಲ್ಲಿ ಬರೆಯಿರಿ. ಎಲ್ಲವನ್ನೂ ಸೇರಿಸಿ ಠಾಣೆಗೆ ಒಂದು ಪ್ರತಿ ಕೊಟ್ಟುಬರುತ್ತೇನೆ.