ಅರ್ಥ ಇಲ್ಲದ ಅಂಬಾಸಿಡರ್

ಸೆಲ್ಫ್ ಹೊಡೆದೆ. "ಟಕ್" ಅಂತು. ಅಷ್ಟೇ.

ಅವತ್ತು ಕುಮಟಾದಲ್ಲಿ ಮದುವೆ. ನಾನು ಹೊಸ ಪಂಚೆ, ಇವಳು ರೇಷ್ಮೆ ಸೀರೆ, ಹಿಂದಿನ ಸೀಟಿನಲ್ಲಿ ಅಮ್ಮ, ಅಮ್ಮನ ಮಡಿಲಲ್ಲಿ ಮಲ್ಲಿಗೆ ಪೊಟ್ಟಣ. ಗಾಡಿ ಅಪ್ಪ ಬಿಟ್ಟುಹೋದ 1978ರ ಅಂಬಾಸಿಡರ್, ಮಾರ್ಕ್ ಥ್ರೀ. ಮತ್ತೆ ಹೊಡೆದೆ. ಮತ್ತೆ ಟಕ್.

ಕಾರವಾರದಲ್ಲಿ ಬಾನೆಟ್ ಎತ್ತಿದರೆ ಜನ ಸೇರೋಕೆ ಎರಡು ನಿಮಿಷ ಸಾಕು. ಆ ದಾರಿಯಲ್ಲಿ ಬಂಗಡೆ ಮಾರುತ್ತ ಹೊರಟಿದ್ದ ಮೀನಿನವಳೂ ಬುಟ್ಟಿ ಇಳಿಸಿ, ಇಂಜಿನ್ ಒಳಗೆ ಇಣುಕಿ, "ಬ್ಯಾಟ್ರಿ ಸತ್ತದೆ" ಅಂದಳು. ಉಳಿದವರೂ ಹೌದೆಂದರು. ಕೊನೆಗೆ ಎಲ್ಲರೂ ಸೇರಿ ದೂಡಿದರು, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟೆ, ಗಾಡಿ ಗೊರ್ ಅಂತ ಎದ್ದಿತು. ಮದುವೆ ಮನೆ ಮುಟ್ಟಿದ ಮೇಲೂ ಇಂಜಿನ್ ಬಂದ್ ಮಾಡೋಕೆ ಧೈರ್ಯ ಬರದೆ, ಪೆಟ್ರೋಲ್ ಸುಡುತ್ತ ಹದಿನೈದು ನಿಮಿಷ ಇಳಿಜಾರು ಹುಡುಕಿದೆ.

ಮರುದಿನ ಹೊಸ ಬ್ಯಾಟರಿ ಹಾಕಿಸಿದೆ. ಟಕ್.

ಆಮೇಲೆ ಪಕ್ಕದ ಮನೆಯವರು ಬಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಳೇ ಅಂಬಾಸಿಡರಿನ ಸೆಲ್ಫ್ ಮೋಟಾರಿನ ಒಳಗೆ ಒಂದು ಚಿಕ್ಕ ಹಲ್ಲಿನ ಚಕ್ರ ಇರುತ್ತದೆ, ಸೆಲ್ಫ್ ತಿರುಗಿದ ಕೂಡಲೇ ಅದು ಮುಂದೆ ಜಾರಿ ಇಂಜಿನ್ನಿನ ದೊಡ್ಡ ಚಕ್ರದ, ಅಂದರೆ ಫ್ಲೈವೀಲಿನ, ಹಲ್ಲು ಹಿಡಿಯುತ್ತದೆ, ಒಮ್ಮೊಮ್ಮೆ ಅಲ್ಲೇ ಕಚ್ಚಿಕೊಂಡು ಬಿಡೋದೇ ಇಲ್ಲ. "ಟಾಪ್ ಗೇರ್ ಹಾಕಿ ಗಾಡಿ ಹಿಂದೆಮುಂದೆ ಅಲ್ಲಾಡಿಸಿ, ಬಿಡ್ತದೆ." ಅಲ್ಲಾಡಿಸಿದೆವು. ದೇವಸ್ಥಾನಕ್ಕೆ ಹೋಗಲು ಆಗಲೇ ಹತ್ತಿ ಕೂತಿದ್ದ ಅಮ್ಮ ಇಳಿಯೋಕೆ ಒಪ್ಪಲಿಲ್ಲ. ತೊಟ್ಟಿಲಲ್ಲಿ ಕೂತ ಹಾಗೆ ತೂಗಿದರು. ಗಾಡಿ ಟಕ್ ಅಂತು.

ಆಮೇಲೆ ಒಬ್ಬ ಎಲೆಕ್ಟ್ರಿಷಿಯನ್ ಸೆಲ್ಫನ್ನೇ ಬಿಚ್ಚಿ ನೆಲದ ಮೇಲಿಟ್ಟು ನೇರ ಬ್ಯಾಟರಿಗೆ ಹಿಡಿದ. ಅದು ಕಪ್ಪೆ ಹಾಗೆ ಹಾರಿತು! "ಸೆಲ್ಫ್ ಗಟ್ಟಿ ಇದೆ" ಅಂದವನೇ ಕಾರ್ಬನ್ ಬ್ರಷ್ ಬದಲಿಸಿ ದುಡ್ಡು ತಗೊಂಡ. ಗಟ್ಟಿ ಇದ್ದಮೇಲೆ ಯಾಕೆ ಬದಲಿಸಿದ ಅಂತ ನಾನೂ ಕೇಳಲಿಲ್ಲ. ಅಷ್ಟರಲ್ಲಿ ಕಾರವಾರದಲ್ಲಿ ಎಲ್ಲೆಲ್ಲಿ ಇಳಿಜಾರು ಇದೆ ಅನ್ನೋದು ಮುನ್ಸಿಪಾಲಿಟಿಯವರಿಗಿಂತ ಜಾಸ್ತಿ ನನಗೇ ಗೊತ್ತಿತ್ತು. ಬೀಚಿನ ಹತ್ತಿರ ಮಾತ್ರ ಕಷ್ಟ, ಎಲ್ಲ ಸಪಾಟು. ಅಲ್ಲಿನ ಯುದ್ಧನೌಕೆ ಮ್ಯೂಸಿಯಂ ನೋಡೋಕೆ ಬಂದವರಿಂದ ಮೂರು ಸಲ ದೂಡಿಸಿಕೊಂಡಿದ್ದೇನೆ.

ಒಂದು ಸುಳಿವು ಮೊದಲ ದಿನದಿಂದಲೇ ಕಣ್ಣೆದುರಿತ್ತು. ಸೆಲ್ಫ್ ಹೊಡೆಯುವಾಗ ಹೆಡ್‌ಲೈಟ್ ಮಂಕಾಗುತ್ತಲೇ ಇರಲಿಲ್ಲ. ಬ್ಯಾಟರಿ ಸತ್ತಿದ್ದರೆ ಲೈಟು ಉಳಿಯುತ್ತಿತ್ತಾ? ತಲೆಗೆ ಹೊಳೀಲಿಲ್ಲ.

ಜುಲೈನ ಒಂದು ಬೆಳಗ್ಗೆ, ಮಳೆಯಲ್ಲಿ ದೂಡೋಕೆ ಯಾರೂ ಸಿಗದೆ, ಚೋಕ್ ಎಳೆದು ಹಟಕ್ಕೆ ಬಿದ್ದು ಸೆಲ್ಫ್ ಒತ್ತಿ ಹಿಡಿದೆ. "ಊದಿನಕಡ್ಡಿ ಹಚ್ಚಿದ್ರಾ?" ಅಂತ ಇವಳು ಕೇಳಿದಳು. ಡ್ಯಾಶ್‌ಬೋರ್ಡ್ ಅಡಿಯಿಂದ ಸಣ್ಣಗೆ ಹೊಗೆ. ಚೋಕ್ ಗುಂಡಿ ಮುಟ್ಟಿದೆ, ಬೆರಳು ಚುರ್ ಅಂತು.

ಬೈತಖೋಲ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ. ಗಾಡಿ ಮುಟ್ಟುವ ಮೊದಲು ಹೊಗೆಯ ಕತೆ ಪೂರ್ತಿ ಕೇಳಿದರು. ಆಮೇಲೆ ಜಂಪರ್ ಕೇಬಲ್ಲಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ಇಂಜಿನ್ ಮೈಗೆ ಕಚ್ಚಿಸಿ "ಹೊಡಿ" ಅಂದರು. ಒಂದೇ ಏಟಿಗೆ ಸ್ಟಾರ್ಟ್.

"ತಮಾ, ನಿನ್ನ ಗಾಡಿಗೆ ಅರ್ಥೇ ಇಲ್ಲ."

ಇಂಜಿನ್ ಕೂತಿರೋದು ರಬ್ಬರಿನ ಮೇಲೆ. ಸೆಲ್ಫಿಗೆ ಹೋದ ಕರೆಂಟು ಗಾಡಿಯ ಮೈ ಮೂಲಕ ಬ್ಯಾಟರಿಗೆ ವಾಪಸ್ ಬರಬೇಕಾದರೆ ಇಂಜಿನ್ನಿಂದ ಆ ಮೈಗೆ ಒಂದು ತಾಮ್ರದ ಹೆಣೆದ ಪಟ್ಟಿ ಬೇಕು, ಅದೇ ಅರ್ಥ್. ಅದು ಕೆಟ್ಟರೆ ನೂರಾರು ಆಂಪಿಯರ್ ಕರೆಂಟು ಇಂಜಿನ್ನಿಗೂ ಗಾಡಿಯ ಮೈಗೂ ತಾಗಿದ ಬೇರೆ ಏನು ಸಿಕ್ಕರೂ ಅದರಲ್ಲೇ ನುಗ್ಗುತ್ತದೆ. ಸಿಕ್ಕಿದ್ದು ಚೋಕ್ ವೈರು, ಡ್ಯಾಶ್‌ಬೋರ್ಡಿನ ಚೋಕ್ ಗುಂಡಿಯಿಂದ ಇಂಜಿನ್ನಿನ ಕಾರ್ಬುರೇಟರಿಗೆ ಹೋಗುವ ಎಳೆಯುವ ತಂತಿ. ಶಿರಸಿ ಜಾತ್ರೆಯ ಜನ ಎಲ್ಲ ಒಂದು ಸಂದಿಯಲ್ಲಿ ನುಗ್ಗಿದ ಹಾಗೆ. ಸ್ಪಾರ್ಕಿಗೆ ಬೇಕಾದ ಕರೆಂಟು ತೀರಾ ಸ್ವಲ್ಪ, ಅದಕ್ಕೆ ಆ ಸಂದಿಯೇ ಸಾಕು. ಹಾಗಾಗಿ ದೂಡಿದಾಗೆಲ್ಲ ಗಾಡಿ ಏಳುತ್ತಿತ್ತು.

ಪಟ್ಟಿ ಮೇಲಿಂದ ನೋಡಿದರೆ ಎಣ್ಣೆ ಜಿಡ್ಡು ಹಿಡಿದು ಕಪ್ಪಗೆ, ಚೆನ್ನಾಗೇ ಇತ್ತು. ಅವರು ಎರಡು ಬೆರಳಲ್ಲಿ ಹಿಡಿದು ಎಳೆದರು. ಒಣ ಶಾವಿಗೆ ಹಾಗೆ ಪುಡಿಯಾಯಿತು. ಅಂಗೈ ತುಂಬ ಹಸಿರು ಕಿಲುಬು. ಸಮುದ್ರದ ಉಪ್ಪುಗಾಳಿ ಎಷ್ಟು ವರ್ಷದಿಂದ ತಿಂದಿತ್ತೋ. ಹೊಸ ಪಟ್ಟಿಗೆ 250 ರೂಪಾಯಿ. ಬ್ಯಾಟರಿಗೆ ಎಷ್ಟು ಕೊಟ್ಟೆ ಅಂತ ದಯವಿಟ್ಟು ಕೇಳಬೇಡಿ.

ಮನೆಗೆ ಬಂದು, ಗಾಡಿಗೆ ಅರ್ಥ್ ಇರಲಿಲ್ಲವಂತೆ ಅಂದೆ. ಇವಳು ತಿರುಗಿಯೂ ನೋಡದೆ, "ಹನ್ನೆರಡು ವರ್ಷದಿಂದ ನಾನು ಹೇಳ್ತಿರೋದೇನು?" ಅಂದಳು.

ಈಗ ಸೆಲ್ಫ್ ಅದ್ಭುತ. ಆದರೆ ಚೋಕ್ ವೈರು ಸುಟ್ಟು ಅಂಟಿಕೊಂಡಿದೆ. ಕಾರವಾರ, ಅಂಕೋಲಾ ಎಲ್ಲೂ ಸಿಗಲಿಲ್ಲ, ಹುಬ್ಬಳ್ಳಿಯಿಂದ ಬರಬೇಕಂತೆ. ಅಲ್ಲಿವರೆಗೆ ದಿನಾ ಬೆಳಗ್ಗೆ ಇವಳು ಬಾನೆಟ್ ಎತ್ತಿ ಕಾರ್ಬುರೇಟರಿನ ಚೋಕ್ ಕೈಯಲ್ಲಿ ಹಿಡಿಯುತ್ತಾಳೆ, ನಾನು ಸೆಲ್ಫ್ ಹೊಡೆಯುತ್ತೇನೆ. ಬಾನೆಟ್ ಎದ್ದದ್ದು ಕಂಡ ಕೂಡಲೇ ಮೀನಿನವಳು ಬುಟ್ಟಿ ಇಳಿಸುತ್ತಾಳೆ.

"ಬ್ಯಾಟ್ರಿ" ಅನ್ನುತ್ತಾಳೆ.